ಬೇಸಿಗೆ ರಜೆ: ಕಡಿಮೆ ಖರ್ಚಿನಲ್ಲಿ ಮಕ್ಕಳೊಂದಿಗೆ ವಿಹಾರ, ವಿನೋದ, ಕಲಿಕೆ

ಬೆಂಗಳೂರು: ವಾರ್ಷಿಕ ಪರೀಕ್ಷೆಗಳು ಮುಗಿದು ಶಾಲೆಗಳ ಬಾಗಿಲು ಮುಚ್ಚುತ್ತಿದ್ದಂತೆ ಮಕ್ಕಳಿಗೆ ಹಬ್ಬ, ಪೋಷಕರಿಗೆ ಚಿಂತೆ. ರಾಜ್ಯ ಪಠ್ಯಕ್ರಮದ ಶಾಲೆಗಳಿಗೆ ಸಾಮಾನ್ಯವಾಗಿ ಏಪ್ರಿಲ್ ಎರಡನೇ ವಾರದಿಂದ ಮೇ ಕೊನೆಯ ವಾರದವರೆಗೆ, ಅಂದರೆ ಸುಮಾರು ಏಳು ವಾರಗಳ ಬೇಸಿಗೆ ರಜೆ ಇರುತ್ತದೆ. ತಂದೆ ತಾಯಿ ಇಬ್ಬರೂ ದುಡಿಯುವ ನಗರದ ಮನೆಗಳಲ್ಲಿ ಅಷ್ಟು ದೀರ್ಘ ರಜೆ ಯಾರಿಗೂ ಸಿಗುವುದಿಲ್ಲ. ಗಿರಿಧಾಮದ ಪ್ರವಾಸ, ಹವಾನಿಯಂತ್ರಿತ ಮನರಂಜನಾ ಉದ್ಯಾನ, ಸಾವಿರಾರು ರೂಪಾಯಿ ಶುಲ್ಕದ ಬೇಸಿಗೆ ಶಿಬಿರ ಇವೆಲ್ಲ ತಿಂಗಳ ಸಂಬಳವನ್ನು ಎಣಿಸಿ ಖರ್ಚು ಮಾಡುವ ಕುಟುಂಬಗಳ ಕೈಗೆ ಎಟುಕುವಂಥವಲ್ಲ. ಪರಿಣಾಮವಾಗಿ ಅನೇಕ ಮಕ್ಕಳ ರಜೆ ಬಾಗಿಲು ಹಾಕಿದ ಮನೆಯೊಳಗೆ ಮೊಬೈಲ್ ಪರದೆಯ ಮುಂದೆಯೇ ಕಳೆದುಹೋಗುತ್ತದೆ. ಮತ್ತೆ ಕೆಲವರು ದೊಡ್ಡವರ ಕಣ್ಣು ತಪ್ಪಿಸಿ ಕೆರೆ, ಕಲ್ಲುಕ್ವಾರಿಗಳತ್ತ ಹೊರಡುತ್ತಾರೆ.

ರಜೆಯನ್ನು ಚೆನ್ನಾಗಿ ಕಳೆಯಲು ಹಣಕ್ಕಿಂತ ಹೆಚ್ಚಾಗಿ ಬೇಕಾಗುವುದು ಸ್ವಲ್ಪ ಯೋಜನೆ. ರಾಜ್ಯದ ಪ್ರತಿಯೊಂದು ಭಾಗದಲ್ಲಿಯೂ ಒಂದು ದಿನದಲ್ಲಿ ಹೋಗಿ ಬರಬಹುದಾದ, ಮಕ್ಕಳಿಗೆ ಮುದ ನೀಡುವ, ಕಿಸೆಗೆ ಭಾರವಾಗದ ತಾಣಗಳಿವೆ. ಸರ್ಕಾರಿ ಸಂಸ್ಥೆಗಳು ನಡೆಸುವ ಅಲ್ಪ ಶುಲ್ಕದ ಶಿಬಿರಗಳಿವೆ. ಮನೆಯ ಜಗುಲಿ, ತಾರಸಿಗಳಲ್ಲಿಯೇ ಮಾಡಬಹುದಾದ ಚಟುವಟಿಕೆಗಳಿವೆ. ಅಂತಹ ಕೆಲವು ಸಾಧ್ಯತೆಗಳ ಮಾಹಿತಿ ಇಲ್ಲಿದೆ.

ಉಳಿತಾಯ ಎಲ್ಲಿ ಸಾಧ್ಯ?

ಕುಟುಂಬ ವಿಹಾರದ ಖರ್ಚನ್ನು ಮುಖ್ಯವಾಗಿ ಮೂರು ಭಾಗ ಮಾಡಬಹುದು: ಪ್ರಯಾಣ, ಪ್ರವೇಶ ಶುಲ್ಕ ಮತ್ತು ಊಟ ತಿಂಡಿ. ಮೂರರಲ್ಲೂ ಕಡಿತಕ್ಕೆ ಅವಕಾಶವಿದೆ.

ಪ್ರಯಾಣ: ರಾಜ್ಯ ಸರ್ಕಾರದ ಶಕ್ತಿ ಯೋಜನೆ 2023ರ ಜೂನ್ 11ರಂದು ಜಾರಿಗೆ ಬಂದಿತು. ಅದರನ್ವಯ ಕರ್ನಾಟಕದ ನಿವಾಸಿಗಳಾದ ಮಹಿಳೆಯರು ಮತ್ತು ಬಾಲಕಿಯರು ಸರ್ಕಾರಿ ಸಾರಿಗೆ ಸಂಸ್ಥೆಗಳ ಸಾಮಾನ್ಯ ಹಾಗೂ ವೇಗದೂತ ಬಸ್ಸುಗಳಲ್ಲಿ ರಾಜ್ಯದೊಳಗೆ ಉಚಿತವಾಗಿ ಪ್ರಯಾಣಿಸಬಹುದು. ರಾಜ್ಯದ ವಿಳಾಸವಿರುವ ಗುರುತಿನ ಚೀಟಿ ಜೊತೆಗಿರಬೇಕು. ರಾಜಹಂಸ, ಐರಾವತ ಮುಂತಾದ ಐಷಾರಾಮಿ ಬಸ್ಸುಗಳಿಗೆ ಈ ಸೌಲಭ್ಯ ಅನ್ವಯಿಸುವುದಿಲ್ಲ. ಕೆಎಸ್‌ಆರ್‌ಟಿಸಿ ಬಸ್ಸುಗಳಲ್ಲಿ 6 ವರ್ಷದೊಳಗಿನ ಮಕ್ಕಳಿಗೆ ಟಿಕೆಟ್ ಇಲ್ಲ. 6ರಿಂದ 12 ವರ್ಷದವರಿಗೆ ಅರ್ಧ ದರ. ಹೀಗಾಗಿ ತಂದೆ, ತಾಯಿ, ಮಗಳು ಮತ್ತು ಹತ್ತು ವರ್ಷದ ಮಗ ಇರುವ ಕುಟುಂಬಕ್ಕೆ ತಗಲುವುದು ಒಂದೂವರೆ ಟಿಕೆಟ್ ಮಾತ್ರ. ಶನಿವಾರ, ಭಾನುವಾರ ಬಸ್ಸುಗಳಲ್ಲಿ ನೂಕುನುಗ್ಗಲು ಹೆಚ್ಚು. ವಾರದ ನಡುವೆ ಒಂದು ದಿನ ರಜೆ ಹಾಕಲು ಸಾಧ್ಯವಾದರೆ ಪ್ರಯಾಣವೂ ಸುಗಮ, ತಾಣಗಳಲ್ಲಿಯೂ ಜನಸಂದಣಿ ಕಡಿಮೆ.

ರೈಲಿನಲ್ಲಿ 5 ವರ್ಷದೊಳಗಿನ ಮಕ್ಕಳಿಗೆ ಪ್ರತ್ಯೇಕ ಆಸನ ಕೇಳದಿದ್ದರೆ ಟಿಕೆಟ್ ಬೇಕಿಲ್ಲ. 5ರಿಂದ 12 ವರ್ಷದವರಿಗೆ ಕಾಯ್ದಿರಿಸದ ಬೋಗಿಯಲ್ಲಿ ಅರ್ಧ ದರ. ಆದರೆ 2016ರ ಏಪ್ರಿಲ್‌ನಿಂದ, ಈ ವಯಸ್ಸಿನ ಮಗುವಿಗೆ ಪ್ರತ್ಯೇಕ ಬರ್ತ್ ಕಾಯ್ದಿರಿಸಿದರೆ ಪೂರ್ಣ ದರ ತೆರಬೇಕಾಗುತ್ತದೆ ಎಂಬುದು ನೆನಪಿರಲಿ.

ಪ್ರವೇಶ ಶುಲ್ಕ: ಭಾರತೀಯ ಪುರಾತತ್ವ ಸರ್ವೇಕ್ಷಣ ಇಲಾಖೆಯ ಅಧೀನದಲ್ಲಿರುವ ಸ್ಮಾರಕಗಳಲ್ಲಿ 15 ವರ್ಷದೊಳಗಿನ ಮಕ್ಕಳಿಗೆ ಪ್ರವೇಶ ಉಚಿತ. ಹಂಪಿ, ಬಾದಾಮಿ, ಪಟ್ಟದಕಲ್ಲು, ಚಿತ್ರದುರ್ಗದ ಕೋಟೆ, ವಿಜಯಪುರದ ಗೋಳಗುಮ್ಮಟ ಎಲ್ಲಕ್ಕೂ ಇದು ಅನ್ವಯಿಸುತ್ತದೆ. ಏಪ್ರಿಲ್ 18ರ ವಿಶ್ವ ಪರಂಪರೆ ದಿನದಂದು ಹಲವು ವರ್ಷಗಳಲ್ಲಿ ದೊಡ್ಡವರಿಗೂ ಶುಲ್ಕ ವಿನಾಯಿತಿ ನೀಡಲಾಗಿದೆ. ಈ ದಿನ ರಜೆಯ ಅವಧಿಯಲ್ಲೇ ಬರುತ್ತದೆ.

ಊಟ: ಪ್ರವಾಸಿ ತಾಣಗಳ ಹೋಟೆಲುಗಳಲ್ಲಿ ನಾಲ್ವರ ಒಂದು ಹೊತ್ತಿನ ಊಟಕ್ಕೆ ಆಗುವ ಖರ್ಚು ಹಲವು ಬಾರಿ ಎಲ್ಲರ ಪ್ರವೇಶ ಶುಲ್ಕವನ್ನೂ ಮೀರುತ್ತದೆ. ಚಿತ್ರಾನ್ನ, ಪುಳಿಯೋಗರೆ, ಚಪಾತಿ ಪಲ್ಯ, ರೊಟ್ಟಿ ಶೇಂಗಾ ಚಟ್ನಿ ಮುಂತಾದ ಬುತ್ತಿ ಕಟ್ಟಿಕೊಂಡು ಹೊರಟರೆ ಹಣವೂ ಉಳಿಯುತ್ತದೆ, ಬೇಸಿಗೆಯಲ್ಲಿ ಹೊಟ್ಟೆ ಕೆಡುವ ಭಯವೂ ಇರುವುದಿಲ್ಲ. ಮೊಸರನ್ನವನ್ನು ಮಾತ್ರ ಮಧ್ಯಾಹ್ನದೊಳಗೆ ಮುಗಿಸುವುದು ಒಳಿತು.

ಬೆಂಗಳೂರು: ಉದ್ಯಾನದಿಂದ ತಾರಾಲಯದವರೆಗೆ

ರಾಜಧಾನಿಯಲ್ಲಿ ಕಬ್ಬನ್ ಪಾರ್ಕ್ ಒಂದನ್ನೇ ಆಧಾರವಾಗಿಟ್ಟುಕೊಂಡು ಇಡೀ ದಿನ ಕಳೆಯಬಹುದು. 1870ರಲ್ಲಿ ರೂಪುಗೊಂಡ ಈ ಉದ್ಯಾನದ ಆವರಣದಲ್ಲಿಯೇ ಜವಾಹರ ಬಾಲಭವನ ಮತ್ತು ಇಂದಿರಾ ಪ್ರಿಯದರ್ಶಿನಿ ಮಕ್ಕಳ ಗ್ರಂಥಾಲಯಗಳಿವೆ. ಭಾನುವಾರ ಉದ್ಯಾನದ ರಸ್ತೆಗಳಲ್ಲಿ ವಾಹನ ಸಂಚಾರಕ್ಕೆ ನಿರ್ಬಂಧವಿರುವುದರಿಂದ ಮಕ್ಕಳು ನಿರ್ಭಯವಾಗಿ ಓಡಾಡಬಹುದು.

ಉದ್ಯಾನದ ಬದಿಯ ಕಸ್ತೂರಬಾ ರಸ್ತೆಯಲ್ಲಿ ವಿಶ್ವೇಶ್ವರಯ್ಯ ಕೈಗಾರಿಕಾ ಮತ್ತು ತಾಂತ್ರಿಕ ವಸ್ತುಸಂಗ್ರಹಾಲಯವಿದೆ. ಇದರ ಕಟ್ಟಡವನ್ನು 1962ರಲ್ಲಿ ಆಗಿನ ಪ್ರಧಾನಿ ಜವಾಹರಲಾಲ್ ನೆಹರೂ ಉದ್ಘಾಟಿಸಿದರು. ಇಲ್ಲಿ 'ಮುಟ್ಟಬೇಡಿ' ಎಂಬ ಫಲಕಗಳಿಗಿಂತ ಗುಂಡಿ ಒತ್ತಿ, ಹಿಡಿಕೆ ತಿರುಗಿಸಿ ನೋಡುವ ಮಾದರಿಗಳೇ ಹೆಚ್ಚು. ರೈಟ್ ಸಹೋದರರು 1903ರಲ್ಲಿ ಹಾರಿಸಿದ ವಿಮಾನದ ಪೂರ್ಣ ಗಾತ್ರದ ಪ್ರತಿಕೃತಿ ಮಕ್ಕಳನ್ನು ಹೆಚ್ಚು ಸೆಳೆಯುತ್ತದೆ. ಬಿಸಿಲೇರಿದ ಮಧ್ಯಾಹ್ನವನ್ನು ನೆರಳಿನಲ್ಲಿ ಕಳೆಯಲು ಇದು ಪ್ರಶಸ್ತ ಸ್ಥಳ.

ಟಿ. ಚೌಡಯ್ಯ ರಸ್ತೆಯಲ್ಲಿರುವ ಜವಾಹರಲಾಲ್ ನೆಹರೂ ತಾರಾಲಯ 1989ರಿಂದ ಕಾರ್ಯನಿರ್ವಹಿಸುತ್ತಿದೆ. ಕನ್ನಡದಲ್ಲಿಯೂ ಪ್ರದರ್ಶನಗಳಿರುತ್ತವೆ. ಆವರಣದ ವಿಜ್ಞಾನ ಉದ್ಯಾನದಲ್ಲಿ ಆಟಿಕೆಗಳ ರೂಪದಲ್ಲಿಯೇ ಭೌತಶಾಸ್ತ್ರದ ತತ್ವಗಳನ್ನು ಅಳವಡಿಸಲಾಗಿದೆ. ಸೋಮವಾರ ರಜೆ.

ಹೈದರಾಲಿ 1760ರಲ್ಲಿ ಆರಂಭಿಸಿದ ಲಾಲ್‌ಬಾಗ್ ಇಂದು 240 ಎಕರೆಗಳಲ್ಲಿ ಹರಡಿದೆ. ಗಾಜಿನ ಮನೆಗೆ ಶಂಕುಸ್ಥಾಪನೆಯಾದದ್ದು 1889ರಲ್ಲಿ. ಆದರೆ ಮಕ್ಕಳಿಗೆ ತೋರಿಸಲೇಬೇಕಾದದ್ದು ಕೆಂಪೇಗೌಡ ಗೋಪುರವಿರುವ ಬಂಡೆ. ಸುಮಾರು 300 ಕೋಟಿ ವರ್ಷ ಹಳೆಯದಾದ ಈ ಶಿಲೆಯನ್ನು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕವೆಂದು ಘೋಷಿಸಲಾಗಿದೆ. ಡೈನೋಸಾರ್‌ಗಳು ಹುಟ್ಟುವುದಕ್ಕೂ ಕೋಟ್ಯಂತರ ವರ್ಷಗಳ ಮೊದಲಿನ ಕಲ್ಲಿನ ಮೇಲೆ ತಾವು ಕುಳಿತಿದ್ದೇವೆ ಎಂದು ತಿಳಿದಾಗ ಮಕ್ಕಳ ಕಣ್ಣರಳುವುದನ್ನು ನೋಡಬೇಕು. ಬೆಳಿಗ್ಗೆ ಒಂಬತ್ತರೊಳಗೆ ಏರಿ ಇಳಿಯುವುದು ಒಳ್ಳೆಯದು. ಆಮೇಲೆ ಬಂಡೆ ಕಾದು ಹೆಂಚಿನಂತಾಗುತ್ತದೆ.

ನಗರದಿಂದ ಸ್ವಲ್ಪ ಹೊರಗೆ ಹೋಗಬಯಸುವವರಿಗೆ ಬನ್ನೇರುಘಟ್ಟ ಜೈವಿಕ ಉದ್ಯಾನವಿದೆ. ಬಿಎಂಟಿಸಿ ಬಸ್ ಸೌಲಭ್ಯವಿದೆ, ಮಂಗಳವಾರ ರಜೆ. ಸಫಾರಿಯ ಟಿಕೆಟ್ ದುಬಾರಿ ಎನಿಸಿದರೆ ಮೃಗಾಲಯಕ್ಕೆ ಮಾತ್ರ ಟಿಕೆಟ್ ಪಡೆಯಬಹುದು. ಮೈಸೂರು ರಸ್ತೆಯ ಕಡೆಗೆ ಹೋದರೆ ಕೇತೋಹಳ್ಳಿಯ ದೊಡ್ಡ ಆಲದ ಮರ, ರಾಮನಗರದ ಬಳಿ ಎಚ್.ಎಲ್. ನಾಗೇಗೌಡರು ಕಟ್ಟಿದ ಜಾನಪದ ಲೋಕ ಸಿಗುತ್ತವೆ. ಬೀಸುವ ಕಲ್ಲು, ಒನಕೆ, ಕೂರಿಗೆ, ತೊಗಲುಗೊಂಬೆಗಳನ್ನು ಚಿತ್ರದಲ್ಲಿ ಮಾತ್ರ ಕಂಡಿರುವ ನಗರದ ಮಕ್ಕಳಿಗೆ ಜಾನಪದ ಲೋಕ ಒಂದು ದೊಡ್ಡ ಪಾಠಶಾಲೆ.

ಮೈಸೂರು, ಶ್ರೀರಂಗಪಟ್ಟಣ, ಹಾಸನ

ಮೈಸೂರು ಎಂದೊಡನೆ ಮಕ್ಕಳಿಗೆ ನೆನಪಾಗುವುದು ಮೃಗಾಲಯ. 1892ರಲ್ಲಿ ಆರಂಭವಾದ ಶ್ರೀ ಚಾಮರಾಜೇಂದ್ರ ಮೃಗಾಲಯ ದೇಶದ ಹಳೆಯ ಮೃಗಾಲಯಗಳಲ್ಲೊಂದು. 2021ರಲ್ಲಿ ಜರ್ಮನಿಯಿಂದ ಗೊರಿಲ್ಲಾಗಳು ಬಂದವು. ಸಾಮಾನ್ಯವಾಗಿ ಮಂಗಳವಾರ ರಜೆ. ಬೇಸಿಗೆಯಲ್ಲಿ ಕೆಲವೊಮ್ಮೆ ಮಂಗಳವಾರವೂ ತೆರೆದಿರುವುದುಂಟು. ಎಂಟೂವರೆಗೇ ಒಳಹೊಕ್ಕರೆ ಪ್ರಾಣಿಗಳು ಚಟುವಟಿಕೆಯಿಂದ ಇರುವುದನ್ನು ಕಾಣಬಹುದು. ಮಧ್ಯಾಹ್ನ ಹೋದವರಿಗೆ ಕಾಣುವುದು ನೆರಳಿನಲ್ಲಿ ಮಲಗಿದ ಹುಲಿಯ ಬೆನ್ನು ಮಾತ್ರ.

ಮೃಗಾಲಯದ ಸಮೀಪದಲ್ಲೇ ಕಾರಂಜಿ ಕೆರೆಯಿದೆ. ಅಲ್ಲಿ ಹಕ್ಕಿಗಳ ನಡುವೆಯೇ ನಡೆದಾಡಬಹುದಾದ ಬೃಹತ್ ಪಂಜರವಿದೆ. ಕೆರೆಯ ದಂಡೆಯಲ್ಲಿ 1995ರಲ್ಲಿ ಆರಂಭವಾದ ಪ್ರಾಂತೀಯ ಪ್ರಾಕೃತಿಕ ವಿಜ್ಞಾನ ವಸ್ತುಸಂಗ್ರಹಾಲಯ ಮೈಸೂರಿಗೆ ಬರುವ ಬಹುತೇಕ ಪ್ರವಾಸಿಗರ ಕಣ್ಣಿಗೆ ಬೀಳುವುದೇ ಇಲ್ಲ. ಕಾಡು, ಕಡಲು, ಮರುಭೂಮಿಗಳ ಮಾದರಿಗಳನ್ನು ಮಕ್ಕಳಿಗಾಗಿಯೇ ಇಲ್ಲಿ ಜೋಡಿಸಲಾಗಿದೆ. ಸೋಮವಾರ ರಜೆ. ಕೃಷ್ಣರಾಜಸಾಗರ ರಸ್ತೆಯಲ್ಲಿ 1979ರಿಂದ ಇರುವ ರೈಲು ವಸ್ತುಸಂಗ್ರಹಾಲಯದಲ್ಲಿ ಹಳೆಯ ಉಗಿಬಂಡಿಗಳ ಎಂಜಿನ್‌ಗಳನ್ನು ಹತ್ತಿರದಿಂದ ನೋಡಬಹುದು. ಭಾನುವಾರ ಹಾಗೂ ಸಾರ್ವಜನಿಕ ರಜಾದಿನಗಳ ಸಂಜೆ ಅರಮನೆಯ ಸುಮಾರು ಒಂದು ಲಕ್ಷ ದೀಪಗಳು ಒಮ್ಮೆಲೇ ಹೊತ್ತಿಕೊಳ್ಳುವ ದೃಶ್ಯವನ್ನು ಹೊರಗಿನಿಂದ ನೋಡಲು ಹಣ ಕೊಡಬೇಕಿಲ್ಲ.

ಶ್ರೀರಂಗಪಟ್ಟಣದ ಬಳಿಯ ರಂಗನತಿಟ್ಟನ್ನು 1940ರಲ್ಲಿ ಪಕ್ಷಿಧಾಮವೆಂದು ಘೋಷಿಸಲಾಯಿತು. ಅದಕ್ಕೆ ಕಾರಣರಾದವರು ಪಕ್ಷಿತಜ್ಞ ಸಲೀಂ ಅಲಿ. ಬೇಸಿಗೆಯಲ್ಲಿ ಗೂಡುಗಳಲ್ಲಿ ಮರಿಗಳಿಗೆ ಗುಟುಕು ನೀಡುವ ಕೊಕ್ಕರೆಗಳು, ಬಂಡೆಯ ಮೇಲೆ ಬಾಯ್ದೆರೆದು ಮಲಗಿದ ಮೊಸಳೆಗಳು ಕಾಣಸಿಗುತ್ತವೆ.

ಹಾಸನ ಜಿಲ್ಲೆಯ ಬೇಲೂರು, ಹಳೇಬೀಡು ಹಾಗೂ ಮೈಸೂರು ಜಿಲ್ಲೆಯ ಸೋಮನಾಥಪುರದ ಹೊಯ್ಸಳ ದೇಗುಲಗಳು 2023ರಲ್ಲಿ ವಿಶ್ವ ಪರಂಪರೆ ಪಟ್ಟಿಗೆ ಸೇರಿದವು. ಬೇಲೂರು ಮತ್ತು ಹಳೇಬೀಡು ದೇವಾಲಯಗಳಿಗೆ ಪ್ರವೇಶ ಶುಲ್ಕವಿಲ್ಲ. ಶಿಲ್ಪಗಳ ಮುಂದೆ ಮಕ್ಕಳು ಬೇಸರಗೊಳ್ಳುತ್ತಾರೆ ಎಂಬ ದೂರು ಸಾಮಾನ್ಯ. ಅದಕ್ಕೊಂದು ಉಪಾಯವಿದೆ. ಹಳೇಬೀಡಿನ ಗೋಡೆಯ ಕೆಳಸಾಲಿನಲ್ಲಿ ಆನೆಗಳು, ಅದರ ಮೇಲೆ ಸಿಂಹಗಳು, ಕುದುರೆಗಳು ಸಾಲುಸಾಲಾಗಿವೆ. 'ಒಂದೇ ರೀತಿಯ ಎರಡು ಆನೆಗಳನ್ನು ಹುಡುಕಿ' ಎಂದು ಪಂದ್ಯ ಕಟ್ಟಿದರೆ ಮಕ್ಕಳು ಗೋಡೆಯನ್ನು ಬಿಟ್ಟು ಬರುವುದಿಲ್ಲ.

ಕರಾವಳಿ ಮತ್ತು ಮಲೆನಾಡು

ಮಂಗಳೂರು ಹೊರವಲಯದ ಮೂಡುಶೆಡ್ಡೆಯಲ್ಲಿ ಡಾ. ಶಿವರಾಮ ಕಾರಂತ ಪಿಲಿಕುಳ ನಿಸರ್ಗಧಾಮವಿದೆ. ಜೈವಿಕ ಉದ್ಯಾನ, ಗುತ್ತಿನ ಮನೆ, ಕುಶಲಕರ್ಮಿಗಳ ಗ್ರಾಮ, ವಿಜ್ಞಾನ ಕೇಂದ್ರ, ಕೆರೆ ಎಲ್ಲವೂ ಒಂದೇ ಕಡೆ ಇರುವುದರಿಂದ ಇಡೀ ದಿನವನ್ನು ಮೀಸಲಿಡುವುದು ಲೇಸು. 2018ರಲ್ಲಿ ಉದ್ಘಾಟನೆಯಾದ ಸ್ವಾಮಿ ವಿವೇಕಾನಂದ ತ್ರೀಡಿ ತಾರಾಲಯವೂ ಇಲ್ಲಿದೆ. ಪ್ರತಿಯೊಂದಕ್ಕೂ ಬೇರೆ ಬೇರೆ ಟಿಕೆಟ್ ಇರುವುದರಿಂದ ಮಕ್ಕಳಿಗೆ ಬೇಕಾದ ಎರಡು ಮೂರನ್ನು ಮೊದಲೇ ಆರಿಸಿಕೊಂಡರೆ ಖರ್ಚು ಹಿಡಿತದಲ್ಲಿರುತ್ತದೆ. ಪುತ್ತೂರಿನಲ್ಲಿ ಕಾರಂತರು ಬಾಳಿ, ಮಕ್ಕಳ ಶಿಕ್ಷಣದ ಪ್ರಯೋಗಗಳನ್ನು ನಡೆಸಿದ ಬಾಲವನವೂ ನೋಡತಕ್ಕದ್ದು.

ಉಡುಪಿಯ ಮಲ್ಪೆಯಿಂದ ದೋಣಿಯಲ್ಲಿ ಸಾಗಿದರೆ ಸೇಂಟ್ ಮೇರೀಸ್ ದ್ವೀಪ. ಸುಮಾರು 8.8 ಕೋಟಿ ವರ್ಷಗಳ ಹಿಂದೆ ಲಾವಾರಸ ತಣ್ಣಗಾಗಿ ಕಂಬಗಳಂತೆ ಸೀಳಿಕೊಂಡ ಶಿಲೆಗಳು ಇಲ್ಲಿನ ವಿಶೇಷ. ಮಳೆಗಾಲದಲ್ಲಿ ದೋಣಿಗಳು ಸ್ಥಗಿತಗೊಳ್ಳುವುದರಿಂದ ಮೇ ತಿಂಗಳೊಳಗೆ ಹೋಗಿಬರಬೇಕು.

ಶಿವಮೊಗ್ಗದ ಸಮೀಪ ತುಂಗಾ ತೀರದಲ್ಲಿರುವ ಸಕ್ರೆಬೈಲು ಆನೆ ಬಿಡಾರದಲ್ಲಿ ಬೆಳಗಿನ ಹೊತ್ತು ಮಾವುತರು ಆನೆಗಳಿಗೆ ಸ್ನಾನ ಮಾಡಿಸುವುದನ್ನು ನೋಡಬಹುದು. ತಡವಾಗಿ ಹೋದರೆ ಆನೆಗಳು ಕಾಡಿಗೆ ಮರಳಿರುತ್ತವೆ. ಅಲ್ಲಿಂದ ತೀರ್ಥಹಳ್ಳಿ ಮಾರ್ಗವಾಗಿ ಕುಪ್ಪಳಿಗೆ ಹೋದರೆ ಕುವೆಂಪು ಅವರ ಕವಿಮನೆ, ಕವಿಶೈಲಗಳಿವೆ. ಮಲೆನಾಡಿನ ತೊಟ್ಟಿಮನೆ ಹೇಗಿತ್ತು, ಬಾಣಂತಿಕೋಣೆ ಎಲ್ಲಿತ್ತು, ಅಡಕೆ ಸಂಸ್ಕರಣೆಗೆ ಏನೇನು ಪರಿಕರಗಳಿದ್ದವು ಎಂಬುದೆಲ್ಲ ಇಲ್ಲಿ ಕಣ್ಣಾರೆ ಕಾಣುತ್ತದೆ.

ಮಧ್ಯ ಮತ್ತು ಉತ್ತರ ಕರ್ನಾಟಕ

ಬಯಲುಸೀಮೆಯಲ್ಲಿ ಬಿಸಿಲೇ ದೊಡ್ಡ ಸವಾಲು. ಕಲಬುರಗಿ, ರಾಯಚೂರು ಮುಂತಾದೆಡೆ ತಾಪಮಾನ 40 ಡಿಗ್ರಿ ಸೆಲ್ಸಿಯಸ್ ದಾಟುವುದು ಸಾಮಾನ್ಯವಾದ್ದರಿಂದ ಹೊರಾಂಗಣ ವೀಕ್ಷಣೆಯನ್ನು ಬೆಳಿಗ್ಗೆ ಹತ್ತರೊಳಗೆ ಅಥವಾ ಸಂಜೆ ನಾಲ್ಕರ ನಂತರ ಇಟ್ಟುಕೊಳ್ಳಬೇಕು.

ಚಿತ್ರದುರ್ಗದ ಏಳು ಸುತ್ತಿನ ಕೋಟೆಯಲ್ಲಿ ಓಬವ್ವನ ಕಿಂಡಿಯನ್ನು ನೋಡದೆ ಮಕ್ಕಳು ಮರಳುವುದಿಲ್ಲ. ಹಂಪಿಯಲ್ಲಿ ವಿಜಯ ವಿಠ್ಠಲ ದೇವಸ್ಥಾನಕ್ಕೆ ಪಡೆದ ಟಿಕೆಟ್ ಅದೇ ದಿನ ಕಮಲ ಮಹಲ್ ಇರುವ ರಾಣಿವಾಸದ ಆವರಣಕ್ಕೂ ನಡೆಯುತ್ತದೆ. ಆದ್ದರಿಂದ ಟಿಕೆಟನ್ನು ಬಿಸಾಡಬಾರದು.

ವಿಜಯಪುರದ ಗೋಳಗುಮ್ಮಟ 1656ರ ಸುಮಾರಿಗೆ ಪೂರ್ಣಗೊಂಡ ಮೊಹಮ್ಮದ್ ಆದಿಲ್ ಶಾಹನ ಸಮಾಧಿ. ಒಳವ್ಯಾಸ ಸುಮಾರು 38 ಮೀಟರ್ ಇರುವ ಗುಮ್ಮಟದ ನಡುವೆ ಒಂದು ಕಂಬವೂ ಇಲ್ಲ. ಪಿಸುಗುಟ್ಟುವ ಮೊಗಸಾಲೆಯ ಗೋಡೆಗೆ ಬಾಯಿಟ್ಟು ನುಡಿದ ಮಾತು ಎದುರು ಬದಿಯಲ್ಲಿ ಸ್ಪಷ್ಟವಾಗಿ ಕೇಳುತ್ತದೆ. ದುಂಡನೆಯ ಗೋಡೆಗುಂಟ ಶಬ್ದದ ಅಲೆಗಳು ಹರಿದು ಹೋಗುವುದೇ ಇದಕ್ಕೆ ಕಾರಣ. ಜನರ ಕೂಗಾಟ ಶುರುವಾಗುವ ಮೊದಲೇ, ಬಾಗಿಲು ತೆರೆಯುವ ಹೊತ್ತಿಗೆ ಹೋದವರಿಗೆ ಮಾತ್ರ ಈ ಚಮತ್ಕಾರ ದಕ್ಕುತ್ತದೆ. ನಗರದಲ್ಲಿಯೇ ಇರುವ 55 ಟನ್ ತೂಕದ ಮಲಿಕ್-ಎ-ಮೈದಾನ್ ತೋಪನ್ನೂ ಇದೇ ಸುತ್ತಿನಲ್ಲಿ ನೋಡಬಹುದು.

ಕಲಬುರಗಿಯಲ್ಲಿ 1984ರಿಂದ ಜಿಲ್ಲಾ ವಿಜ್ಞಾನ ಕೇಂದ್ರ ನಡೆಯುತ್ತಿದೆ. ಧಾರವಾಡದಲ್ಲಿ ಕರ್ನಾಟಕ ವಿಶ್ವವಿದ್ಯಾಲಯದ ಆವರಣದಲ್ಲಿ ಪ್ರಾದೇಶಿಕ ವಿಜ್ಞಾನ ಕೇಂದ್ರವಿದೆ. ಮಧ್ಯಾಹ್ನದ ಬಿಸಿಲಿಗೆ ಇವೆರಡೂ ಆಸರೆ. ಹುಬ್ಬಳ್ಳಿಯವರಿಗೆ ಇಂದಿರಾ ಗಾಜಿನಮನೆ ಉದ್ಯಾನ, ಉಣಕಲ್ ಕೆರೆ. ಬೆಳಗಾವಿಯವರಿಗೆ ಕೋಟೆಯೊಳಗಿನ ಕಮಲ ಬಸದಿ ಹಾಗೂ ಭೂತರಾಮನಹಟ್ಟಿಯ ಮೃಗಾಲಯ ಸಂಜೆಯ ವಿಹಾರಕ್ಕೆ ಅನುಕೂಲ. ಬೀದರ್‌ನಲ್ಲಿ 1472ರ ಮಹಮೂದ್ ಗವಾನ್ ಮದರಸಾ ಮತ್ತು ಕೋಟೆಯ ಜೊತೆಗೆ ಬಿದರಿ ಕಲೆಯ ಕುಶಲಕರ್ಮಿಗಳು ಕೆಲಸ ಮಾಡುವುದನ್ನು ತೋರಿಸಬಹುದು. ಬೆಳ್ಳಿಯ ಕುಸುರಿ ಮಾಡಿದ ಲೋಹ ಕೋಟೆಯ ಮಣ್ಣಿನ ದ್ರಾವಣದಲ್ಲಿ ಅದ್ದಿದೊಡನೆ ಕಪ್ಪಾಗುವುದು ಮಕ್ಕಳಿಗೆ ಜಾದೂವಿನಂತೆ ಕಾಣುತ್ತದೆ.

ಅಲ್ಪ ಶುಲ್ಕದ ಶಿಬಿರಗಳು

ಮೈಸೂರಿನ ರಂಗಾಯಣ ಬೇಸಿಗೆಯಲ್ಲಿ ನಡೆಸುವ ಚಿಣ್ಣರ ಮೇಳ ನಾಡಿಗೇ ಪರಿಚಿತ. ಹಾಡು, ನಾಟಕ, ಚಿತ್ರ, ಕರಕುಶಲ ಕಲಿತ ಮಕ್ಕಳು ಕೊನೆಯಲ್ಲಿ ತಾವೇ ನಾಟಕಗಳನ್ನು ಅಭಿನಯಿಸುತ್ತಾರೆ. ಅರ್ಜಿ ವಿತರಣೆಯ ದಿನವೇ ಪೋಷಕರ ಉದ್ದನೆಯ ಸಾಲು ಕಂಡುಬರುವುದರಿಂದ ಮಾರ್ಚ್‌ನಿಂದಲೇ ಪ್ರಕಟಣೆಗಳ ಮೇಲೆ ಕಣ್ಣಿಟ್ಟಿರಬೇಕು. ಧಾರವಾಡ, ಶಿವಮೊಗ್ಗ, ಕಲಬುರಗಿಗಳಲ್ಲಿಯೂ ರಂಗಾಯಣಗಳಿದ್ದು, ಮಕ್ಕಳ ಶಿಬಿರದ ಬಗ್ಗೆ ಅಲ್ಲಿಯೇ ವಿಚಾರಿಸಬಹುದು. ಬಾಲಭವನ ಸೊಸೈಟಿ ಬೆಂಗಳೂರಿನಲ್ಲಿ ಮಾತ್ರವಲ್ಲದೆ ಜಿಲ್ಲಾ ಕೇಂದ್ರಗಳಲ್ಲಿಯೂ ಬೇಸಿಗೆ ಶಿಬಿರಗಳನ್ನು ಏರ್ಪಡಿಸುತ್ತದೆ. ವಿವರಗಳಿಗೆ ಆಯಾ ಜಿಲ್ಲೆಯ ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಇಲಾಖೆಯ ಕಚೇರಿಯನ್ನು ಸಂಪರ್ಕಿಸಬಹುದು.

ಖಾಸಗಿ ಶಿಬಿರಕ್ಕೆ ಸೇರಿಸುವ ಮುನ್ನ ಕರಪತ್ರದ ಬಣ್ಣಕ್ಕೆ ಮರುಳಾಗದೆ ಕೆಲವು ಪ್ರಶ್ನೆಗಳನ್ನು ಕೇಳಬೇಕು:

* ಎಷ್ಟು ಮಕ್ಕಳಿಗೆ ಒಬ್ಬ ಶಿಕ್ಷಕರು? ಮಹಿಳಾ ಸಿಬ್ಬಂದಿ ಇದ್ದಾರೆಯೇ?
* ಕುಡಿಯುವ ನೀರು, ಪ್ರತ್ಯೇಕ ಶೌಚಾಲಯ, ಪ್ರಥಮ ಚಿಕಿತ್ಸೆಯ ವ್ಯವಸ್ಥೆ ಇದೆಯೇ?
* ಹೊರಸಂಚಾರ, ಈಜು ಇದ್ದರೆ ಜೀವರಕ್ಷಕರು ಯಾರು?
* ಬಣ್ಣ, ಕಾಗದ, ಉಡುಪು, ಸಮಾರೋಪದ ವೇಷಭೂಷಣಕ್ಕೆ ಪ್ರತ್ಯೇಕ ಹಣ ಕೇಳುತ್ತಾರೆಯೇ?
* ಮಗು ನಡುವೆ ಬಿಟ್ಟರೆ ಶುಲ್ಕ ಮರಳಿಸುತ್ತಾರೆಯೇ?
* ಶಿಬಿರ ಮುಗಿದಾಗ ಮಗುವನ್ನು ಯಾರ ಕೈಗೆ ಒಪ್ಪಿಸುತ್ತಾರೆ?

ಶಿಬಿರಕ್ಕೆ ಹಣ ಹೊಂದಿಸಲಾಗದ ಪೋಷಕರು ತಮ್ಮ ವಠಾರ ಅಥವಾ ಬಡಾವಣೆಯಲ್ಲಿಯೇ ಸರದಿಯ ವ್ಯವಸ್ಥೆ ಮಾಡಿಕೊಳ್ಳಬಹುದು. ಆರು ಮನೆಗಳು ಸೇರಿ, ವಾರದಲ್ಲಿ ಒಂದೊಂದು ದಿನ ಒಂದೊಂದು ಮನೆಯ ಹಿರಿಯರು ಎಲ್ಲ ಮಕ್ಕಳ ಹೊಣೆ ಹೊತ್ತರೆ ಉಳಿದವರು ನಿಶ್ಚಿಂತೆಯಿಂದ ಕೆಲಸಕ್ಕೆ ಹೋಗಬಹುದು. ಒಬ್ಬರು ಹಾರ್ಮೋನಿಯಂ, ಒಬ್ಬರು ಹೊಲಿಗೆ, ಇನ್ನೊಬ್ಬರು ಚದುರಂಗ ಕಲಿಸಿದರೆ ಅದೇ ಶಿಬಿರವಾಗುತ್ತದೆ.

ಓದಿಗೊಂದು ಮೂಲೆ

ರಾಜ್ಯದ ನಗರ ಮತ್ತು ಜಿಲ್ಲಾ ಕೇಂದ್ರ ಗ್ರಂಥಾಲಯಗಳ ಸದಸ್ಯತ್ವ ಶುಲ್ಕ ಅತ್ಯಲ್ಪ. ರಜೆಗೆ ಹಳ್ಳಿಗೆ ಹೋಗುವ ಮಕ್ಕಳಿಗೆ ಅಲ್ಲಿಯೂ ಪುಸ್ತಕ ಸಿಗುತ್ತದೆ. ಗ್ರಾಮ ಪಂಚಾಯಿತಿ ಗ್ರಂಥಾಲಯಗಳು ಈಗ 'ಅರಿವು ಕೇಂದ್ರ' ಎಂಬ ಹೆಸರಿನಲ್ಲಿ ನಡೆಯುತ್ತಿದ್ದು, 2020ರಲ್ಲಿ ಆರಂಭವಾದ 'ಓದುವ ಬೆಳಕು' ಕಾರ್ಯಕ್ರಮದಡಿ ಮಕ್ಕಳಿಗೆ ಉಚಿತ ಸದಸ್ಯತ್ವ ನೀಡಲಾಗಿದೆ. ದಿನಕ್ಕೆ ಇಷ್ಟು ಪುಟ ಎಂದು ಕಟ್ಟಪ್ಪಣೆ ಮಾಡುವ ಬದಲು, ಓದಿದ ಕಥೆಯನ್ನು ರಾತ್ರಿ ಊಟದ ಹೊತ್ತಿಗೆ ಮನೆಯವರಿಗೆ ಹೇಳುವ ಪದ್ಧತಿ ಇಟ್ಟುಕೊಂಡರೆ ಓದು ತಾನಾಗಿಯೇ ಸಾಗುತ್ತದೆ.

ಮನೆಯಂಗಳದ ಆಟಗಳು

5ರಿಂದ 17 ವರ್ಷದ ಮಕ್ಕಳಿಗೆ ದಿನಕ್ಕೆ ಸರಾಸರಿ 60 ನಿಮಿಷಗಳ ದೈಹಿಕ ಚಟುವಟಿಕೆ ಬೇಕು ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ. ಲಗೋರಿ, ಕುಂಟೆಬಿಲ್ಲೆ, ಚಿನ್ನಿದಾಂಡು, ಬುಗುರಿ, ಗೋಲಿ ಇವುಗಳಿಗೆ ಬೇಕಾಗುವ ಸಾಮಗ್ರಿಯ ಬೆಲೆ ಬೆರಳೆಣಿಕೆಯ ರೂಪಾಯಿಗಳು. ಬೆಳಗಿನ ಎಳೆಬಿಸಿಲು ಮತ್ತು ಸಂಜೆಯ ತಂಪು ಈ ಆಟಗಳಿಗೆ ತಕ್ಕ ಸಮಯ.

ನಡುಹಗಲಿಗೆ ಕುಳಿತು ಆಡುವ ಆಟಗಳಿವೆ. ಚೌಕಾಬಾರಕ್ಕೆ ನೆಲದ ಮೇಲೆ ಸೀಮೆಸುಣ್ಣದಿಂದ ಬರೆದ 25 ಮನೆಗಳು, ನಾಲ್ಕು ಕವಡೆಗಳು ಸಾಕು. ಕವಡೆ ಸಿಗದಿದ್ದರೆ ಒಂದು ಬದಿ ಉಜ್ಜಿ ಬೆಳ್ಳಗೆ ಮಾಡಿದ ಹುಣಸೆಬೀಜವೂ ನಡೆಯುತ್ತದೆ. ನಾಲ್ಕೂ ಅಂಗಾತ ಬಿದ್ದರೆ ಚೌಕ, ಅಂದರೆ 4. ನಾಲ್ಕೂ ಕವುಚಿ ಬಿದ್ದರೆ ಬಾರ, ಅಂದರೆ 8. ಅಳಗುಳಿಮಣೆಯಲ್ಲಿ ಸಾಲಿಗೆ 7ರಂತೆ 14 ಗುಳಿಗಳು. ಕಾಯಿಗಳನ್ನು ಎಲ್ಲಿಂದ ಎತ್ತಿದರೆ ಎಲ್ಲಿ ಮುಗಿಯುತ್ತದೆ ಎಂದು ಲೆಕ್ಕ ಹಾಕುವ ಮಗುವಿಗೆ ಗಣಿತದ ಭಯ ಉಳಿಯುವುದಿಲ್ಲ. ಹಳೆಯ ಮೊಟ್ಟೆ ಟ್ರೇಯನ್ನು ಕತ್ತರಿಸಿ ಮಣೆ ಮಾಡಿಕೊಳ್ಳಬಹುದು.

ತಾರಸಿಯಲ್ಲಿ ಖಗೋಳ ವಿಜ್ಞಾನ

ಕರ್ನಾಟಕದ ಬೇಸಿಗೆಗೆ ಒಂದು ವಿಶೇಷವಿದೆ. ವರ್ಷದಲ್ಲಿ ಎರಡು ದಿನ ಸೂರ್ಯ ನಡುನೆತ್ತಿಯ ಮೇಲೆ ನೇರವಾಗಿ ಬರುತ್ತಾನೆ. ಆ ಕ್ಷಣದಲ್ಲಿ ನೆಟ್ಟಗೆ ನಿಂತ ಕೋಲಿನ ನೆರಳು ಅದರ ಬುಡದಲ್ಲಿಯೇ ಅಡಗಿಬಿಡುತ್ತದೆ. ಇದೇ ಶೂನ್ಯ ನೆರಳಿನ ದಿನ. ಅದರಲ್ಲಿ ಒಂದು ದಿನ ರಜೆಯಲ್ಲಿಯೇ ಬರುವುದರಿಂದ ಮಕ್ಕಳಿಗೆ ಖರ್ಚಿಲ್ಲದ ಪ್ರಯೋಗವಾಗುತ್ತದೆ. ಆಯಾ ಊರಿನ ಅಕ್ಷಾಂಶಕ್ಕೆ ಅನುಗುಣವಾಗಿ ದಿನ ಬದಲಾಗುತ್ತದೆ:

* ಮೈಸೂರು: ಏಪ್ರಿಲ್ 22ರ ಸುಮಾರಿಗೆ
* ಬೆಂಗಳೂರು, ಮಂಗಳೂರು: ಏಪ್ರಿಲ್ 24ರ ಸುಮಾರಿಗೆ
* ಶಿವಮೊಗ್ಗ: ಏಪ್ರಿಲ್ 27ರ ಸುಮಾರಿಗೆ
* ಹುಬ್ಬಳ್ಳಿ, ಧಾರವಾಡ: ಮೇ 2ರ ಸುಮಾರಿಗೆ
* ವಿಜಯಪುರ: ಮೇ 7ರ ಸುಮಾರಿಗೆ
* ಕಲಬುರಗಿ: ಮೇ 9ರ ಸುಮಾರಿಗೆ
* ಬೀದರ್: ಮೇ 11ರ ಸುಮಾರಿಗೆ

ಬೆಂಗಳೂರಿನಲ್ಲಿ ಇದು ಮಧ್ಯಾಹ್ನ 12 ಗಂಟೆ 17 ನಿಮಿಷದ ಆಸುಪಾಸಿನಲ್ಲಿ ಸಂಭವಿಸುತ್ತದೆ. ಸಮತಟ್ಟಾದ ಜಾಗದಲ್ಲಿ ಒಂದು ಲೋಟವನ್ನು ಬೋರಲು ಹಾಕಿ, ಹತ್ತು ನಿಮಿಷ ಮೊದಲಿನಿಂದ ನೆರಳನ್ನು ಸೀಮೆಸುಣ್ಣದಿಂದ ಗುರುತಿಸುತ್ತಾ ಹೋದರೆ ಸಾಕು. ಸೂರ್ಯನನ್ನು ಬರಿಗಣ್ಣಿನಿಂದ ನೋಡದಂತೆ ಎಚ್ಚರ ವಹಿಸಬೇಕು.

ರಾತ್ರಿಯ ಆಕಾಶವೂ ಉಚಿತ. ಏಪ್ರಿಲ್, ಮೇ ತಿಂಗಳ ಮೋಡವಿಲ್ಲದ ಸಂಜೆಗಳಲ್ಲಿ ಉತ್ತರಕ್ಕೆ ಸಪ್ತರ್ಷಿ ಮಂಡಲ ಸುಲಭವಾಗಿ ಕಾಣುತ್ತದೆ. ಅದರ ಮೊದಲ ಎರಡು ನಕ್ಷತ್ರಗಳನ್ನು ಸೇರಿಸುವ ಗೆರೆಯನ್ನು ಮುಂದುವರಿಸಿದರೆ ಧ್ರುವ ನಕ್ಷತ್ರ ಸಿಗುತ್ತದೆ. ಧ್ರುವನು ದಿಗಂತದಿಂದ ಎಷ್ಟು ಡಿಗ್ರಿ ಮೇಲಿರುವನೋ ಸರಿಸುಮಾರು ಅಷ್ಟೇ ಆ ಊರಿನ ಅಕ್ಷಾಂಶ. ಬೆಂಗಳೂರಿನಲ್ಲಿ ಅದು 13 ಡಿಗ್ರಿ, ಬೀದರ್‌ನಲ್ಲಿ ಸುಮಾರು 18 ಡಿಗ್ರಿ. ರಾತ್ರಿ ಹತ್ತರ ಸುಮಾರಿಗೆ ದಕ್ಷಿಣ ದಿಗಂತದ ಮೇಲೆ ಶಿಲುಬೆಯಾಕಾರದ ತ್ರಿಶಂಕು ಕಾಣುತ್ತದೆ. ದೆಹಲಿಯ ಮಕ್ಕಳಿಗೆ ದಿಗಂತದ ಧೂಳಿನಲ್ಲಿ ಮರೆಯಾಗುವ ಈ ನಕ್ಷತ್ರಪುಂಜ ಕರ್ನಾಟಕದ ಮಕ್ಕಳಿಗೆ ಸಲೀಸಾಗಿ ಕಾಣುತ್ತದೆ.

ಅಜ್ಜಿಮನೆಯ ದಿನಗಳು

ಹಳ್ಳಿಯಲ್ಲಿ ಅಜ್ಜಿಮನೆ ಇರುವ ಮಕ್ಕಳು ಅದೃಷ್ಟವಂತರು. ಹಪ್ಪಳ, ಸಂಡಿಗೆ ಹಾಕುವ, ಉಪ್ಪಿನಕಾಯಿಗೆ ಮಾವಿನಮಿಡಿ ಆರಿಸುವ ಕಾಲವಿದು. ಈ ಕೆಲಸಗಳಲ್ಲಿ ಮಕ್ಕಳಿಗೂ ಪಾಲು ಕೊಟ್ಟರೆ ಅವರಿಗೆ ಅದೇ ಆಟ. ಹೂಬಿಟ್ಟ ಕಕ್ಕೆ, ಚಿಗುರಿದ ಹೊಂಗೆ, ಹಣ್ಣಾದ ಹಲಸನ್ನು ಗುರುತಿಸಿ ಎಲೆಯ ಅಚ್ಚು ತೆಗೆದು ಪುಸ್ತಕ ಮಾಡಬಹುದು.

ಬೀಜದುಂಡೆ ತಯಾರಿಕೆ ಮತ್ತೊಂದು ಉಪಯುಕ್ತ ಚಟುವಟಿಕೆ. ಹುಣಸೆ, ಹೊಂಗೆ ಬೀಜಗಳನ್ನು ಸಂಗ್ರಹಿಸಿ, ಕೆಮ್ಮಣ್ಣು ಮತ್ತು ಗೊಬ್ಬರ ಬೆರೆಸಿ ನಿಂಬೆಹಣ್ಣಿನ ಗಾತ್ರದ ಉಂಡೆ ಕಟ್ಟಿ, ಒಳಗೆ ಒಂದೆರಡು ಬೀಜವಿಟ್ಟು ನೆರಳಿನಲ್ಲಿ ಒಣಗಿಸಬೇಕು. ಜೂನ್‌ನಲ್ಲಿ ಮುಂಗಾರು ನೆಲ ತೋಯಿಸಿದ ಮೇಲೆ ಅವನ್ನು ಬೋಳುಗುಡ್ಡ, ರಸ್ತೆಬದಿಗಳಲ್ಲಿ ಹಾಕಬಹುದು. ತಾರಸಿಯಲ್ಲಿ ಮಣ್ಣಿನ ಅಗಲ ಪಾತ್ರೆಯಲ್ಲಿ ನೀರಿಟ್ಟು, ಯಾವ ಯಾವ ಹಕ್ಕಿ ಬಂದಿತೆಂದು ದಿನಚರಿ ಬರೆಯುವುದೂ ಒಳ್ಳೆಯ ಅಭ್ಯಾಸ. ಸೊಳ್ಳೆ ಮೊಟ್ಟೆಯಿಡದಂತೆ ನೀರನ್ನು ದಿನವೂ ಬದಲಿಸಬೇಕು.

ನೀರಿನ ಬಳಿ ಮೈಮರೆವು ಸಲ್ಲ

ಪ್ರತಿ ಬೇಸಿಗೆಯಲ್ಲಿ ಈಜಲು ಹೋದ ಮಕ್ಕಳು ಮರಳದ ಸುದ್ದಿ ರಾಜ್ಯದ ಒಂದಲ್ಲ ಒಂದು ಮೂಲೆಯಿಂದ ಬರುತ್ತಲೇ ಇರುತ್ತದೆ. ಒಬ್ಬನನ್ನು ಉಳಿಸಲು ಹೋಗಿ ಅಣ್ಣ ತಮ್ಮಂದಿರು, ಗೆಳೆಯರು ಒಟ್ಟಿಗೆ ಮುಳುಗಿದ ಪ್ರಕರಣಗಳೂ ವಿರಳವಲ್ಲ. ಹೆಚ್ಚಿನ ದುರಂತಗಳು ನಡೆಯುವುದು ಕೃಷಿಹೊಂಡ, ಕಲ್ಲುಕ್ವಾರಿ, ಹೂಳೆತ್ತಿದ ಕೆರೆ, ಕಾಲುವೆ ಮತ್ತು ನದಿಯ ಮಡುಗಳಲ್ಲಿ. ಪ್ಲಾಸ್ಟಿಕ್ ಹಾಳೆ ಹೊದಿಸಿದ ಕೃಷಿಹೊಂಡದ ಅಂಚು ಜಾರುವುದರಿಂದ ಈಜು ಬಲ್ಲವರಿಗೂ ಮೇಲೇರಲಾಗುವುದಿಲ್ಲ. ಮರಳು ತೆಗೆದ ನದಿಪಾತ್ರದಲ್ಲಿ ಮೊಣಕಾಲುದ್ದ ನೀರಿನ ಪಕ್ಕದಲ್ಲಿಯೇ ಆಳದ ಗುಂಡಿ ಇರುತ್ತದೆ. ಸಮುದ್ರದಲ್ಲಿ ಮೇ ಅಂತ್ಯಕ್ಕೆ ಅಲೆಗಳ ಅಬ್ಬರ ಹೆಚ್ಚುತ್ತದೆ.

ಆದ್ದರಿಂದ ಹಿರಿಯರಿಲ್ಲದೆ ಮಕ್ಕಳನ್ನು ನೀರಿನ ಬಳಿ ಕಳುಹಿಸಬಾರದು. ಜೊತೆಗಿರುವ ಹಿರಿಯರೂ ಮೊಬೈಲ್ ಬದಿಗಿಟ್ಟು ಮಕ್ಕಳ ಮೇಲೆಯೇ ಗಮನವಿಡಬೇಕು. ಯಾರಾದರೂ ಮುಳುಗುತ್ತಿದ್ದರೆ ನೀರಿಗೆ ಹಾರದೆ, ಕೂಗಿ ಜನರನ್ನು ಸೇರಿಸಿ, ಹಗ್ಗ, ಸೀರೆ, ಕೋಲು ಅಥವಾ ಮುಚ್ಚಳ ಹಾಕಿದ ಖಾಲಿ ಕ್ಯಾನ್ ಎಸೆಯಬೇಕು ಎಂಬುದನ್ನು ಮಕ್ಕಳಿಗೆ ಮೊದಲೇ ಹೇಳಿಕೊಡಬೇಕು. ರಜೆಯಲ್ಲಿ ಒಂದೇ ಒಂದು ಶುಲ್ಕ ಕಟ್ಟಲು ಸಾಧ್ಯವಿದ್ದರೆ, ಅದನ್ನು ಜೀವರಕ್ಷಕರಿರುವ ಈಜುಕೊಳದ ತರಬೇತಿಗೆ ಕಟ್ಟುವುದು ಸೂಕ್ತ.

ಬಿಸಿಲಿನ ಬಗ್ಗೆಯೂ ಎಚ್ಚರ ಅಗತ್ಯ. ಮಧ್ಯಾಹ್ನ 12ರಿಂದ 3ರವರೆಗೆ ಬಯಲಿನಲ್ಲಿ ಓಡಾಟ ಬೇಡ. ತಿಳಿಬಣ್ಣದ ಹತ್ತಿ ಬಟ್ಟೆ, ಟೋಪಿ, ನೀರಿನ ಬಾಟಲಿ, ಮಜ್ಜಿಗೆ ಜೊತೆಗಿರಲಿ. ನಿಲ್ಲಿಸಿದ ಕಾರಿನೊಳಗೆ ಮಕ್ಕಳನ್ನು ಒಂದು ಕ್ಷಣವೂ ಬಿಟ್ಟುಹೋಗಬಾರದು. ವಾಂತಿ ಭೇದಿಯಾಗಿ ಓಆರ್‌ಎಸ್ ಪೊಟ್ಟಣ ಸಿಗದಿದ್ದರೆ 1 ಲೀಟರ್ ಕುದಿಸಿ ಆರಿಸಿದ ನೀರಿಗೆ 6 ಸಮ ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು ಬೆರೆಸಿ ಕೊಡಬಹುದು. ಮಗು ಮಂಕಾದರೆ, ಮೈ ವಿಪರೀತ ಬಿಸಿಯಾದರೆ ತಕ್ಷಣ ನೆರಳಿಗೆ ಕರೆತಂದು ಒದ್ದೆ ಬಟ್ಟೆಯಿಂದ ಮೈ ಒರೆಸಿ ಆಸ್ಪತ್ರೆಗೆ ಒಯ್ಯಬೇಕು.

ಹೊರಡುವ ಮುನ್ನ ನೆನಪಿಡಿ

* ತಾಣದ ವಾರದ ರಜೆ, ವೇಳೆ ಮತ್ತು ಶುಲ್ಕವನ್ನು ಹಿಂದಿನ ದಿನವೇ ಖಚಿತಪಡಿಸಿಕೊಳ್ಳಿ. ದರಗಳು ಆಗಾಗ ಪರಿಷ್ಕರಣೆಯಾಗುತ್ತವೆ.
* ಮಹಿಳೆಯರು ಮತ್ತು ಬಾಲಕಿಯರ ಗುರುತಿನ ಚೀಟಿ, ಮಕ್ಕಳ ವಯಸ್ಸಿನ ದಾಖಲೆ ಜೊತೆಗಿರಲಿ.
* ಚಿಕ್ಕ ಮಕ್ಕಳ ಜೇಬಿನಲ್ಲಿ ಪೋಷಕರ ಹೆಸರು, ದೂರವಾಣಿ ಸಂಖ್ಯೆ ಬರೆದ ಚೀಟಿ ಇಡಿ. ದಾರಿ ತಪ್ಪಿದರೆ ಎಲ್ಲಿ ನಿಲ್ಲಬೇಕೆಂದು ಮೊದಲೇ ತಿಳಿಸಿ.
* ಒಂದು ದಿನಕ್ಕೆ ಎರಡಕ್ಕಿಂತ ಹೆಚ್ಚು ತಾಣಗಳು ಬೇಡ. ದಣಿದ ಮಗುವಿಗೆ ಯಾವ ಅರಮನೆಯೂ ರುಚಿಸದು.
* ತುರ್ತು ದೂರವಾಣಿ: ಪೊಲೀಸ್ ಮತ್ತು ಎಲ್ಲ ತುರ್ತು ಸೇವೆ 112, ಆಂಬುಲೆನ್ಸ್ 108, ಮಕ್ಕಳ ಸಹಾಯವಾಣಿ 1098.